ಗೋಡೆಯ ಮೇಲಿನ ಕನ್ಯಾಕುಮಾರಿ

ಪಂಚನಹಳ್ಳಿಯ ನಮ್ಮ ಮನೆಯ ಹೊರಗೋಡೆ ಬಸ್ಸಿನ ರಸ್ತೆಗೆ ಮುಖ ಮಾಡಿದೆ. ಹಾಗಾಗಿ ಅದು ನಮ್ಮದು ಎನ್ನುವುದು ಹೆಸರಿಗೆ ಮಾತ್ರ. ನಾನು ಚಿಕ್ಕವಳಿದ್ದಾಗ ಅದರ ಮೇಲೆ ಹಲ್ಲುಪುಡಿ ಇತ್ತು, ಆಮೇಲೆ ಬಾರ್ ಸೋಪು, ಆಮೇಲೆ ಕೊಡೆ. ಜಾಹೀರಾತು ಬರೆಯುವವರು ಬಂದು ಗೋಡೆ ಕೇಳುತ್ತಿದ್ದರು, ಬದಲಿಗೆ ಮನೆಯ ಉಳಿದ ಗೋಡೆಗಳಿಗೆ ಪುಕ್ಕಟೆ ಸುಣ್ಣ ಹೊಡೆದುಕೊಡುತ್ತಿದ್ದರು. ಊರಲ್ಲೆಲ್ಲ ಇದೇ ಪದ್ಧತಿ. ಹಲ್ಲುಪುಡಿ ಹೊತ್ತ ಮನೆಯವರಾದ ನಾವು ಮಾತ್ರ ಇದ್ದಿಲಲ್ಲೇ ಹಲ್ಲು ತಿಕ್ಕುತ್ತಿದ್ದೆವು.

ಒಂದು ವರ್ಷ ತರೀಕೆರೆಯಿಂದ ಪ್ರವಾಸದ ಬಸ್ಸು ಬಿಡುವವನೊಬ್ಬ ಗೋಡೆ ಕೇಳಿಕೊಂಡು ಬಂದ. ಅಮ್ಮ ಎಂದೂ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಕಡೂರು ದಾಟಿ ಅವಳು ಹೋಗುತ್ತಿದ್ದದ್ದು ಅಜ್ಜಂಪುರದ ತವರಿಗೆ ಮಾತ್ರ. ಅವತ್ತು ಬಾಗಿಲ ಹಿಂದಿನಿಂದಲೇ ಹೇಳಿದಳು: "ನಮ್ಗೆ ಸುಣ್ಣ ಬ್ಯಾಡ ಕಣಪ್ಪ. ನಂಗೊಂದು ಸೀಟು ಕೊಡು. ಸಮುದ್ರ ನೋಡ್ಬೇಕು."

ಆತ ನಕ್ಕ. "ಆಗ್ಲಿ ಕಣಮ್ಮ, ಕಿಟಕಿ ಪಕ್ಕದ್ದೇ ಕೊಡ್ತೀನಿ" ಎಂದ.

ಚಿತ್ರ ಬರೆದವನು ಬುಕ್ಕಾಂಬುಧಿ ಕಡೆಯವನು. ಪಾಪ, ಅವನೂ ಸಮುದ್ರ ಕಂಡವನಲ್ಲ. ತನ್ನೂರ ಕೆರೆಯನ್ನೇ ಏರಿಯ ಸಮೇತ ಬರೆದು, ನಡುವೆ ಒಂದು ಬಂಡೆ ನಿಲ್ಲಿಸಿ, ಕೆಳಗೆ ಕನ್ಯಾಕುಮಾರಿ ಎಂದು ಬರೆದ. "ಊಟ ವಸತಿ ಸಹಿತ" ಎನ್ನುವ ಅಕ್ಷರಗಳು ಸಮುದ್ರಕ್ಕಿಂತ ದೊಡ್ಡವಾಗಿದ್ದವು. ಅಪ್ಪ ನೋಡಿ, "ಎಲ್ಲಾ ಸರಿ, ಒಂದು ತೂಬು ಇಟ್ಬಿಟ್ಟಿದ್ರೆ ಗದ್ದೆಗೆ ನೀರು ಬಿಡ್ಬೋದಿತ್ತು" ಎಂದರು. ಅಮ್ಮನಿಗೆ ನಗು ಬರಲಿಲ್ಲ.

ಗೋಡೆ ನಮ್ಮದಾದ್ದರಿಂದ ಬಸ್ಸೂ ನಮ್ಮದೇ ಎಂದು ಜನ ತಿಳಿದರು. ಬಸ್ಸಿಗೆ ಕಾಯುವವರು ಬಂದು, "ಏನಮ್ಮೋ, ನಿಮ್ ಗಾಡಿ ಯಾವತ್ತು ಹೊರಡ್ತದೆ?" ಎಂದು ಕೇಳುತ್ತಿದ್ದರು. ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟು, ಮಧುರೆ, ರಾಮೇಶ್ವರ, ಕನ್ಯಾಕುಮಾರಿ ಎಂದು ಹೋಗಿಬಂದವಳ ಹಾಗೆ ವಿವರಿಸುತ್ತಿದ್ದಳು. ಎಷ್ಟೋ ಜನ ಅವಳ ಮಾತು ಕೇಳಿಯೇ ಸೀಟು ಹಿಡಿದರು.

ಹೊರಡುವ ದಿನ ಹತ್ತಿರ ಬಂತು. ಚಟ್ನಿಪುಡಿ ಕುಟ್ಟಿ, ರೊಟ್ಟಿ ಕಟ್ಟಿ, ಒಳ್ಳೆಯ ಸೀರೆ ಮಡಿಸಿಟ್ಟುಕೊಂಡಿದ್ದಳು. ಹಿಂದಿನ ಸಂಜೆ ಅಮೃತಾಪುರದಿಂದ ಸುದ್ದಿ ಬಂತು. ಅಪ್ಪನ ದಾಯಾದಿ ಅಜ್ಜನೊಬ್ಬ ತೀರಿಕೊಂಡಿದ್ದ. ಸೂತಕ ಕಳೆಯುವ ತನಕ ದೇವಸ್ಥಾನದ ಹೊಸ್ತಿಲು ತುಳಿಯುವಂತಿಲ್ಲ, ಇನ್ನು ರಾಮೇಶ್ವರವೆಲ್ಲಿ? ಅಮ್ಮ ಆ ಅಜ್ಜನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಬದುಕಿದ್ದಾಗ ಒಂದು ಲೋಟ ನೀರು ಕೊಡದ ಸಂಬಂಧ ಸತ್ತಾಗ ಮಾತ್ರ ಹಕ್ಕು ಚಲಾಯಿಸಿತು. ನನಗೆ ಇಂದಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಬೆಳಿಗ್ಗೆ ಬಸ್ಸು ನಮ್ಮ ಗೋಡೆಯ ಮುಂದೆಯೇ ನಿಂತಿತು. ಕಿಟಕಿ ಪಕ್ಕದ ಸೀಟಿನಲ್ಲಿ ಪಕ್ಕದ ಮನೆಯಾಕೆ ಕೂತಳು. ರೊಟ್ಟಿಯ ಗಂಟನ್ನು ಅಮ್ಮ ಅವಳಿಗೇ ಕೊಡಲು ಹೋದಳು. ಸೂತಕದ ಮನೆಯದು ಎಂದು ಆಕೆ ಅದನ್ನೂ ಮುಟ್ಟಲಿಲ್ಲ.

"ಮುಂದಿನ ವರ್ಷ ಹೋದ್ರಾಯ್ತು ಬಿಡೇ" ಎಂದರು ಅಪ್ಪ. ಮುಂದಿನ ವರ್ಷದ ಹೊತ್ತಿಗೆ ತರೀಕೆರೆಯವನು ಬಸ್ಸು ಮಾರಿಬಿಟ್ಟಿದ್ದ.

ಮತ್ತೆ ಯಾರು ಬಂದು ಕೇಳಿದರೂ ಅಮ್ಮ ಗೋಡೆ ಕೊಡಲಿಲ್ಲ. ದೀಪಾವಳಿಗೆ ಸುಣ್ಣ ಹೊಡೆಸುವಾಗ ತಾನೇ ಮುಂದೆ ನಿಂತು, ಸಮುದ್ರದ ಅಂಚಿಗೆ ಕುಂಚ ತಾಗದಂತೆ ಸುತ್ತಲೂ ಹೊಡೆಸುತ್ತಿದ್ದಳು. ವರ್ಷ ವರ್ಷದ ಸುಣ್ಣ ಸುತ್ತಲೂ ದಪ್ಪಗಟ್ಟಿ, ಕನ್ಯಾಕುಮಾರಿ ಒಂದಿಷ್ಟು ಹಳ್ಳಕ್ಕೆ ಇಳಿದಂತಾಯಿತು. ಅಪ್ಪ ತೀರಿಹೋದ ಮೇಲೆ, ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದು ನಾನು ಕಾಡಿದೆ. ಅಷ್ಟರಲ್ಲಿ ಮಂಡಿ ಕೈಕೊಟ್ಟಿತ್ತು, ಬಚ್ಚಲಿಗೆ ಹೋಗುವುದೇ ಅವಳಿಗೊಂದು ಯಾತ್ರೆಯಾಗಿತ್ತು. ಈಗ ನನ್ನ ಫೋನಿನಲ್ಲಿ ಕೇಳದಿದ್ದರೂ ಪ್ರವಾಸದ ಜಾಹೀರಾತುಗಳು ಬಂದು ಬೀಳುತ್ತವೆ. ಒಮ್ಮೆ ನಿಜವಾದ ಕಡಲಿನ ವಿಡಿಯೋ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ಇದಲ್ಲ ಕಣೇ, ನಮ್ಮ ಗೋಡೇದು ಬ್ಯಾರೆ" ಎಂದಳು.

ಈ ವರ್ಷ ಅಮ್ಮ ಹೋದಳು. ಸೂತಕ ಕಳೆಯುವ ದಿನ ಮನೆಗೆಲ್ಲ ಸುಣ್ಣ ಹೊಡೆಯಬೇಕು. ಪ್ರತಿ ವರ್ಷ ಹೊಡೆಯುತ್ತಿದ್ದವನೇ ಬಂದಿದ್ದ. ಚಿತ್ರದ ಹತ್ತಿರ ಬಂದವನು ಕುಂಚ ಹಿಡಿದು ನಿಂತುಬಿಟ್ಟ. "ಅಕ್ಕಾ, ಇದ್ರ ಮೇಲೂ ಹೊಡೀಲಾ? ಅಮ್ಮ ಬೈತಿದ್ರು."

ನಾನು ಬೇಡ ಎಂದೆ. ಚಿಕ್ಕಪ್ಪ ಒಪ್ಪಲಿಲ್ಲ. "ಅಂಗೈಯಗಲ ಬಿಟ್ರೂ ಸೂತಕ ಹೋಗಲ್ಲ ಕಣವ್ವ. ಹೊಡಿಯೋ ನೀನು" ಎಂದರು. ಸಾವಿನ ಮನೆಯಲ್ಲಿ ಜಗಳವಾಡುವ ಶಕ್ತಿ ನನಗಿರಲಿಲ್ಲ.

ಹಸಿ ಸುಣ್ಣಕ್ಕೆ ಬಿಳುಪು ತಕ್ಷಣ ಬರುವುದಿಲ್ಲ. ಒದ್ದೆಯಾದ ನೀಲಿ ಮೊದಲಿಗಿಂತ ಗಾಢವಾಗಿ ಎದ್ದು ಕಂಡಿತು. ರಸ್ತೆಯಾಚೆಯ ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ. ಬಿಸಿಲು ಬಲಿತಂತೆ ಮೊದಲು ಕೆರೆಯ ಏರಿ ಮಾಸಿಹೋಯಿತು, ಆಮೇಲೆ ನೀರು, ಕೊನೆಗೆ ಬಂಡೆ.

ಚಿಕ್ಕಪ್ಪ ಬಂದು ಪಕ್ಕದಲ್ಲಿ ನಿಂತರು. "ಈಗ ನೋಡು, ಮನೆ ಶುದ್ಧ ಆಯ್ತು" ಎಂದರು.