ಬೀರು ನಿಂತ ಜಾಗ

ಅವನನ್ನು ಎಲ್ಲರೂ ಬೀರು ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ಆಳು ಎತ್ತರಕ್ಕೆ ಎತ್ತರ, ಅಗಲಕ್ಕೆ ಅಗಲ. ಗೋಡೆಗೆ ಬೆನ್ನು ಕೊಟ್ಟು ನಿಂತನೆಂದರೆ ಯಾರೋ ಕಬ್ಬಿಣದ ಬೀರು ತಂದು ಇಳಿಸಿ ಹೋದಂತೆ ಕಾಣುತ್ತಿತ್ತು. ಕಸುಬು ಮನೆ ದಲ್ಲಾಳಿ. ಬಾಡಿಗೆಗೂ ಕೊಡಿಸುತ್ತಿದ್ದ, ಕ್ರಯಕ್ಕೂ ಕೊಡಿಸುತ್ತಿದ್ದ.

ಅವನ ಗುಟ್ಟೆಲ್ಲ ಮಾತಿನಲ್ಲಿದೆ ಅಂತ ಜನ ತಿಳಿದಿದ್ದರು. ಮಾತಿಗೇನೂ ಬರ ಇರಲಿಲ್ಲ, ಬಾಯಲ್ಲೇ ಮಹಡಿ ಎಬ್ಬಿಸುವ ಗಿರಾಕಿ ಅವನು. ಆದರೆ ನಿಜವಾದ ಗುಟ್ಟು ಇದ್ದದ್ದು ಅವನು ನಿಲ್ಲುವ ಜಾಗದಲ್ಲಿ. ಮನೆ ನೋಡಲು ಬಂದವರಿಗಿಂತ ನಾಲ್ಕು ಹೆಜ್ಜೆ ಮೊದಲೇ ಒಳಗೆ ಹೋಗಿ, ತೇವ ಏರಿದ ಗೋಡೆಯೋ ಬಿರುಕು ಬಿಟ್ಟ ಮೂಲೆಯೋ ಎಲ್ಲಿದೆ ನೋಡಿ, ಅದಕ್ಕೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದ. ಬಂದವರಿಗೆ ಕಾಣುತ್ತಿದ್ದದ್ದು ಅವನ ನಗುಮುಖ. ಬಿರುಕು ಬೆನ್ನ ಹಿಂದೆ ತೆಪ್ಪಗಿರುತ್ತಿತ್ತು. ಮುಂಗಡ ಕೈಗೆ ಬಂದ ಮೇಲಷ್ಟೇ ಬೀರು ಜಾಗ ಬಿಟ್ಟು ಕದಲುತ್ತಿದ್ದ. ಹಾಗಂತ ಅವನು ಸುಳ್ಳುಗಾರನಲ್ಲ. ಒಂದು ಸುಳ್ಳನ್ನೂ ಬಾಯಿ ಬಿಟ್ಟು ಹೇಳಿದವನಲ್ಲ. ನಿಂತಿದ್ದ, ಅಷ್ಟೆ. ನಿಲ್ಲುವುದು ಯಾವ ಕಾನೂನಿನಲ್ಲಿ ತಪ್ಪು?

ಇಷ್ಟೊಂದು ಜನರಿಗೆ ಸೂರು ಕಂಡುಕೊಟ್ಟವನಿಗೆ ಸ್ವಂತ ಸೂರು ಇರಲಿಲ್ಲ ಅನ್ನುವುದನ್ನು ನಾನು ಹೇಳದಿದ್ದರೂ ನೀವು ಊಹಿಸುತ್ತೀರಿ. ಮದುವೆಯಾದಾಗಿನಿಂದ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊತ್ತದ್ದೇ ಹೊತ್ತದ್ದು. ಎಲ್ಲ ಮನೆಗಳನ್ನೂ ಅವನೇ ಹುಡುಕಿದ್ದ, ಅವನೇ ಹೆಂಡತಿಗೆ ತೋರಿಸಿದ್ದ. ಆಕೆ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆಗಳ ಉಸ್ತುವಾರಿ ನೋಡಿಕೊಳ್ಳುವವಳು. ಮಾತು ಕಡಿಮೆ. "ನಮ್ಮದು ಅಂತ ಒಂದು ಗೋಡೆ ಇರಬೇಕು, ಯಾರನ್ನೂ ಕೇಳದೆ ಮೊಳೆ ಹೊಡೀಬೇಕು," ಅಂತ ಆಗಾಗ ಅನ್ನುತ್ತಿದ್ದಳು. ಬೀರು ಅದಕ್ಕೆ "ಆಗುತ್ತೆ, ಆಗುತ್ತೆ" ಅಂದು ತಲೆ ತಪ್ಪಿಸಿಕೊಳ್ಳುತ್ತಿದ್ದ.

ಹೀಗಿರುವಾಗ ಒಬ್ಬ ಬಿಲ್ಡರ್ ಗಂಟುಬಿದ್ದ. ಅವನ ಕಟ್ಟಡ ಇನ್ನೂ ಅಸ್ಥಿಪಂಜರ. ಕಂಬ ನಿಂತಿದೆ, ಮಾಳಿಗೆಗೆ ಕಾಂಕ್ರೀಟು ಬಿದ್ದಿದೆ, ಗೋಡೆ ಅಲ್ಲೊಂದು ಇಲ್ಲೊಂದು ಎದ್ದಿದೆ. ಆದರೆ ಕಂಪ್ಯೂಟರಿನೊಳಗೆ ಬಣ್ಣ ಬಳಿದು, ಪರದೆ ತೂಗಿ, ದೀಪ ಹಚ್ಚಿ ಎಲ್ಲ ತಯಾರಾಗಿತ್ತು. ವಿಆರ್ ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡರೆ ಆ ಮನೆಯೊಳಗೇ ನಿಂತಂತೆ ಆಗುತ್ತದಂತೆ.

"ಬೇರೆ ದಲ್ಲಾಳಿಗಳ ಹತ್ರ ಎಲ್ಲ ಇದೆ," ಅಂದ ಬಿಲ್ಡರ್. "ನೀವೂ ಒಂದು ಇಟ್ಕೊಳ್ಳಿ. ಮುಂದಿನ ಸಾಲಿನ ಮನೆಗಳನ್ನ ಮಾರಿಕೊಡಿ. ಹಿಂದಿನ ಸಾಲಲ್ಲಿ ಮೂರನೇ ಮಹಡಿದು ಒಂದಿದೆ ನೋಡಿ, ಅದನ್ನ ನಿಮಗೆ ಅಸಲು ಬೆಲೆಗೇ ಬಿಟ್ಟುಕೊಡ್ತೀನಿ."

ಹಿಂದಿನ ಸಾಲಿನ ಆ ಮನೆಯನ್ನು ಯಾರೂ ಯಾಕೆ ಮೂಸಿ ನೋಡಿರಲಿಲ್ಲ ಅಂತ ಬೀರುವಿಗೆ ಚೆನ್ನಾಗಿ ಗೊತ್ತಿತ್ತು. ಅದರ ಕಿಟಕಿಗಳೆಲ್ಲ ಪಕ್ಕದ ಗೋದಾಮಿನ ಗೋಡೆಗೆ ಮುಖ ಮಾಡಿದ್ದವು. ಆದರೂ ಸರಿ ಅಂದುಬಿಟ್ಟ. ಸ್ವಂತ ಮನೆ! ಅವತ್ತು ಹೆಂಡತಿಗೆ ಹೇಳುವಾಗ ಗೋಡೆಯ ವಿಷಯ ಅದು ಹೇಗೋ ಬಾಯಿಗೆ ಬರಲಿಲ್ಲ.

ಹೆಡ್‌ಸೆಟ್ ಕೊಳ್ಳಬೇಕಲ್ಲ? ಅಂಗಡಿಯ ಗಾಜಿನೊಳಗಿದ್ದ ಹೊಸದರ ಬೆಲೆ ಕೇಳಿ, ಬಂದ ದಾರಿಗೆ ಸುಂಕವಿಲ್ಲದಂತೆ ಹಿಂತಿರುಗಿದ. ಕೊನೆಗೆ ಒಬ್ಬ ಅಪರಿಚಿತನ ಹತ್ತಿರ ಹಳೆಯದೊಂದು ಸಿಕ್ಕಿತು, ಕಂಪ್ಯೂಟರಿಗೆ ವೈರಿನಿಂದ ಜೋಡಿಸುವಂಥದ್ದು. "ಒಬ್ಬರ ಕೈಲೇ ಇದ್ದದ್ದು ಸಾರ್, ಮಗು ಥರ ನೋಡ್ಕೊಂಡಿದೀವಿ. ಸಣ್ಣಪುಟ್ಟದ್ದು ಅಡ್ಜಸ್ಟ್ ಮಾಡ್ಕೊಂಡ್ರೆ ಆಯ್ತು," ಅಂದ ಮಾರುವವನು. ಅಕ್ಷರಕ್ಕೆ ಅಕ್ಷರ ಬೀರು ಮನೆ ತೋರಿಸುವಾಗ ಹೇಳುವ ಮಾತೇ. ಆ ಮನುಷ್ಯ ಮಾತಾಡುವಷ್ಟು ಹೊತ್ತೂ ಹೆಡ್‌ಸೆಟ್ಟಿನ ಒಂದು ಬದಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ. ಊರಿಗೆಲ್ಲ ಟೋಪಿ ಹಾಕುವವನು ಅದನ್ನು ಗಮನಿಸಲೇ ಇಲ್ಲ. ಮನೆಗೆ ಬಂದು ನೋಡಿದರೆ ಅಂಗೈ ಇದ್ದ ಕಡೆ ಪಟ್ಟಿಯ ಕೊಂಡಿ ಮುರಿದಿತ್ತು. ಹೆಂಡತಿ ಆಸ್ಪತ್ರೆಯ ದಾರದಿಂದ ಹೊಲಿದು ಕೊಟ್ಟಳು.

ಮುಂದಿನದು ಜೋಡಣೆಯ ಪುರಾಣ. ಬೀರುವಿನ ಕಂಪ್ಯೂಟರು ಬಾಡಿಗೆ ಕರಾರು ಟೈಪು ಮಾಡುವುದಕ್ಕೆ ಮಾತ್ರ ಹುಟ್ಟಿದ್ದು. ರಿಪೇರಿ ಅಂಗಡಿಯಾಕೆ ಬಂದು ಅದರ ಹೊಟ್ಟೆ ಬಿಚ್ಚಿ ಟಾರ್ಚ್ ಹಾಕಿ ನೋಡಿ ಮೂಗು ಮುರಿದಳು.

"ಇದಕ್ಕೆ ಅದನ್ನ ಚುಚ್ಚಿದ್ರೆ ಇದು ಪ್ರಾಣ ಬಿಡುತ್ತೆ. ಗ್ರಾಫಿಕ್ಸ್ ಕಾರ್ಡ್ ಬೇರೆ ಹಾಕ್ಬೇಕು. ಪವರ್ ಸಪ್ಲೈ ಬದಲಾಯಿಸ್ಬೇಕು."

"ಇರೋದ್ರಲ್ಲೇ ಏನಾದ್ರೂ..."

"ಇರೋದ್ರಲ್ಲಿ ನೀವು ಟೈಪ್ ಮಾಡ್ಕೊಂಡಿರಬಹುದು ಅಣ್ಣಾ."

ಹಳೆಯ ಕಾರ್ಡೊಂದು ಬಂತು. ಅದರ ಫ್ಯಾನು ತಿರುಗತೊಡಗಿದರೆ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಂತೆ ಸದ್ದು. ವೈರಿನ ತುದಿ ಕಾರ್ಡಿನ ತೂತಿಗೆ ಹೊಂದಲಿಲ್ಲ, ಅದಕ್ಕೊಂದು ಕನ್ವರ್ಟರ್ ಬಂತು. ಚಿತ್ರವೇನೋ ಮೂಡಿತು, ಆದರೆ ಬಿಲ್ಡರನ ಮನೆ ಮೆಲ್ಲಗೆ ಎಡಕ್ಕೆ ಜಾರಿಕೊಂಡು ಹೋಗತೊಡಗಿತು. ಹೆಡ್‌ಸೆಟ್ಟಿನ ಮುಂದಿರುವ ಕ್ಯಾಮೆರಾ ಕೋಣೆಯನ್ನು ನೋಡಿ ತಾನೆಲ್ಲಿದ್ದೇನೆ ಅಂತ ತಿಳಿಯುತ್ತದೆ. ಇಲ್ಲಿ ಬಟ್ಟೆ ಇಡುವ ಬೀರುವಿನ ಕನ್ನಡಿ ನೋಡಿ ಅದಕ್ಕೆ ತಲೆ ಕೆಟ್ಟಿದೆ ಅಂತ ಅಂಗಡಿಯಾಕೆ ಪತ್ತೆ ಮಾಡಿದಳು. ಕನ್ನಡಿಗೆ ಬೆಡ್‌ಶೀಟು ಹೊದಿಸಿದರು. ಆಮೇಲೆ ಯಂತ್ರ ಓಡಾಡಲು ಜಾಗ ಕೇಳಿತು, ನೆಲದ ಮೇಲೆ ಗಡಿ ಗುರುತು ಮಾಡು ಅಂದಿತು. ಗಡಿಯೊಳಗೆ ಆ ಬೀರು ಬರುತ್ತಿತ್ತು. ಬೀರುವಿಗೆ ಬೀರುವೇ ಅಡ್ಡ ಅಂತ ಅಂಗಡಿಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದನ್ನು ನಡುಮನೆಗೆ ದಬ್ಬಿದ ಮೇಲೆ, ಹೆಂಡತಿ ಅಡುಗೆಮನೆಗೆ ಹೋಗಬೇಕಾದರೆ ಮೈ ಓರೆ ಮಾಡಿಕೊಂಡು ತೂರಬೇಕಾಯಿತು.

ಮೊದಲ ಸಲ ತಾನೇ ಕಟ್ಟಿಕೊಂಡು ನೋಡಿದ ದಲ್ಲಾಳಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ತಲೆ ಗಿರ್ರೆಂದು ನೆಲಕ್ಕೆ ಕೂತ. ಆದರೂ ಏಳುವಾಗ ಮುಖ ಅರಳಿತ್ತು. ತೇವವಿಲ್ಲ, ಬಿರುಕಿಲ್ಲ, ಸೊಳ್ಳೆಯಿಲ್ಲ! ಇಂಥ ಮನೆ ಮಾರಲು ಮಾತಾದರೂ ಯಾಕೆ ಬೇಕು?

ಮೊದಲ ಗಿರಾಕಿ ನಿವೃತ್ತ ಹೆಡ್‌ಮಿಸ್ಟ್ರೆಸ್. ಬೀರು ತೋರಿಸಿದ ಎಷ್ಟೋ ಮನೆ ನೋಡಿ ಎಲ್ಲವನ್ನೂ ಫೇಲು ಮಾಡಿದವರು. ಅವರಿಗೆ ಹೆಡ್‌ಸೆಟ್ ಕಟ್ಟಿ, ವೈರು ಕಾಲಿಗೆ ತೊಡರದ ಹಾಗೆ ಹಿಂದೆ ಹಿಡಿದುಕೊಂಡ. ಅವರು ಆ ಮನೆಯ ಹಾಲ್‌ಗೆ ಕಾಲಿಟ್ಟ ಹಾಗೆ ಒಂದು ಹೆಜ್ಜೆ ಮುಂದಿಟ್ಟರು. ಆ ಹಾಲ್‌ನ ನಡುವೆ ಒಂದು ಕಂಬ ಇತ್ತು. ಬೀರುವಿಗೆ ಅದು ನೆನಪಾದದ್ದೇ ತಡ, ವೈರು ಬಿಟ್ಟು ಎರಡು ಹೆಜ್ಜೆಗೆ ಹೋಗಿ, ಕಂಬ ಇರಬೇಕಾದ ಜಾಗದಲ್ಲಿ ಎದೆ ಸೆಟೆದು ನಿಂತ. ಹಲ್ಲೂ ಕಿರಿದ. ಮೇಡಂ ಅವರ ಕಣ್ಣಿಗೆ ಅವನಿರಲೇ ಇಲ್ಲ, ಕಂಬ ಮಾತ್ರ ಇತ್ತು.

"ಇದೇನ್ರೀ, ಹಾಲ್ ಮಧ್ಯದಲ್ಲಿ ಕಂಬ!"

"ಮೇಡಂ, ಈ ಕಡೆ ನೋಡಿ, ಬಾಲ್ಕನಿ..."

"ಯಾವ ಕಡೆ?" ಅಂದವರೇ ಕಂಬವನ್ನು ಮುಟ್ಟಿ ನೋಡಲು ಕೈ ಬೀಸಿದರು. ಪಾಠ ಹೇಳಿ ಪಳಗಿದ ಕೈ ಬೀರುವಿನ ಮೂಗಿಗೆ ಸರಿಯಾಗಿ ಕೂತಿತು. "ಅಯ್ಯೋ, ಕಂಬ ಕೈಗೂ ಸಿಗುತ್ತಲ್ಲ!" ಅಂತ ಮೇಡಂ ಬೆರಗಾದರು.

ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಈ ಗಿರಾಕಿ ಕೈಬಿಟ್ಟು ಹೋಯಿತು ಅಂದುಕೊಂಡ. ಆದರೆ ಮೇಡಂ ಹೆಡ್‌ಸೆಟ್ ಬಿಚ್ಚಿ, ಕೂದಲು ಸರಿಮಾಡಿಕೊಂಡು, ಆ ಮನೆ ತೆಗೆದುಕೊಳ್ಳುತ್ತೇನೆ ಅಂದರು. "ಕಂಬಕ್ಕೆ ಪುಸ್ತಕದ ಗೂಡು ಮಾಡಿಸ್ತೀನಿ. ನೀವು ಅಡ್ಡ ಇಲ್ಲದೆ ಮನೆ ನೋಡಿದ್ದು ಇದೇ ಮೊದಲು ಕಣ್ರೀ," ಅಂದರು.

ಬೇರೆ ಯಾರೇ ಆಗಿದ್ದರೂ ಇದರಿಂದ ಪಾಠ ಕಲಿಯುತ್ತಿದ್ದರು. ಬೀರು ಕಲಿತದ್ದೇ ಬೇರೆ: ಯಂತ್ರ ತೋರಿಸಿದ್ದನ್ನು ಜನ ನಂಬುತ್ತಾರೆ. ನಂಬಿದರು ಕೂಡ. ಮುಂದಿನ ಸಾಲಿನ ಮನೆಗಳು ಒಂದೊಂದೇ ಹೋದವು. ಬಿಲ್ಡರ್ ಮಾತಿಗೆ ತಪ್ಪಲಿಲ್ಲ. ಕರಾರು ಸಿದ್ಧವಾಯಿತು. ಅದಕ್ಕೆ ಗಂಡ ಹೆಂಡತಿ ಇಬ್ಬರದೂ ಸಹಿ ಬೇಕಿತ್ತು.

"ಸಹಿ ಹಾಕೋಕೆ ಮುಂಚೆ ನನಗೂ ಆ ಕಣ್ಣುಪಟ್ಟಿ ಕಟ್ಟಿ ತೋರಿಸಿ," ಅಂದಳು ಹೆಂಡತಿ.

ಬೀರು ಹೋಗಿ ಯಂತ್ರ ಹಚ್ಚಿದ. ಕಂಪ್ಯೂಟರಿನಲ್ಲಿ ಎರಡು ಫೈಲುಗಳಿದ್ದವು, 'ಮುಂದಿನ ಸಾಲು', 'ಹಿಂದಿನ ಸಾಲು'. ಹಿಂದಿನದನ್ನು ತೆರೆದರೆ ಕಿಟಕಿಯಾಚೆ ಗೋಡೆ ಕಾಣುತ್ತದೆ. ಬಿಲ್ಡರನ ಚಿತ್ರಗಾರನಿಗೂ ಅದಕ್ಕೆ ಬಣ್ಣ ಹಚ್ಚುವ ಮನಸ್ಸಾಗಿರಲಿಲ್ಲ. ಅವಳು ಬೇಡ ಅಂದರೆ ಈ ಜನ್ಮಕ್ಕೆ ಇನ್ನೊಂದು ಮನೆ ಇಲ್ಲ. ಒಮ್ಮೆ ಸಹಿ ಬೀಳಲಿ, ಆಮೇಲೆ ಹೇಗೂ ಹೊಂದಿಕೊಳ್ಳುತ್ತಾಳೆ, ಇಷ್ಟು ವರ್ಷ ಹೊಂದಿಕೊಂಡಿಲ್ಲವೇ? ಹೀಗೆ ಲೆಕ್ಕ ಹಾಕಿ 'ಮುಂದಿನ ಸಾಲು' ತೆರೆದ. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲಿ. ಊರವರ ಮುಂದೆ ಬರೀ ನಿಂತಿದ್ದವನು ಹೆಂಡತಿಯ ಮುಂದೆ ಸುಳ್ಳನ್ನೇ ಬಿಚ್ಚಿಟ್ಟ.

ಅವಳು ನಿಧಾನವಾಗಿ ತಿರುಗಿ ನೋಡಿದಳು. ಕೈ ಚಾಚಿ ಇಲ್ಲದ ಗೋಡೆಯನ್ನು ಸವರಿದಳು.

"ರೀ, ಕಿಟಕಿ ಹೊರಗೆ ಮರ ಇದೆ."

"ಹೂಂ."

"ಎಲೆ ಅಲ್ಲಾಡ್ತಿದೆ ಕಣ್ರೀ." ಆ ದನಿಯನ್ನು ಅವನು ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಅವಳು ಕಿಟಕಿಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದಳು, "ನೀವೆಲ್ಲಿದ್ದೀರಿ?"

"ಇಲ್ಲೇ ಇದ್ದೀನಲ್ಲ."

"ಇಲ್ಲೇ ಅಂದ್ರೆ ಎಲ್ಲಿ? ಯಾವ ಕಡೆ ನಿಂತಿದ್ದೀರಿ?"

"ಯಾಕೆ?"

"ನೀವು ನಿಂತ ಕಡೆ ನೋಡಿದ್ರೇ ನನಗೆ ಮನೆ ಎಂಥದು ಅಂತ ತಿಳಿಯೋದು. ಇದರಲ್ಲಿ ನೀವು ಕಾಣೋದೇ ಇಲ್ಲ."

ಹಾಗಾದರೆ ಮದುವೆಯಾದ ಹೊಸದರ ಆ ಮೊದಲ ಮನೆಯಿಂದಲೂ ಇವಳಿಗೆ ಗೊತ್ತು. ತೇವದ ಗೋಡೆ, ಹೊಗೆ ಹೋಗದ ಅಡುಗೆಮನೆ, ಎಲ್ಲ ಗೊತ್ತಿದ್ದೇ ಹೂಂ ಅಂದಿದ್ದಾಳೆ. ಅವನು ಏನಾದರೂ ಹೇಳುವ ಮುಂಚೆ ಅವಳು ಹೆಡ್‌ಸೆಟ್ಟನ್ನು ಹಣೆಗೆ ಏರಿಸಿ ನೋಡಿದಳು. ಗಂಡ ಕಂಪ್ಯೂಟರಿನ ಪರದೆಗೆ ಬೆನ್ನು ಕೊಟ್ಟು ನಿಂತಿದ್ದ. ಯಾವಾಗ ಹೋಗಿ ನಿಂತನೋ ಅವನಿಗೇ ತಿಳಿದಿರಲಿಲ್ಲ.

"ಸ್ವಲ್ಪ ಸರೀರಿ."

ಅವನು ಸರಿದ. ಅವಳು ಪರದೆಯ ಮೇಲಿದ್ದ ಎರಡು ಹೆಸರುಗಳನ್ನೂ ಓದಿದಳು. ಹಿಂದಿನ ಸಾಲು ಹಾಕಿ ಅಂದಳು, ಮತ್ತೆ ಕಣ್ಣಿಗೆ ಇಳಿಸಿಕೊಂಡಳು. ಕಿಟಕಿಯತ್ತ ತಿರುಗಿದ್ದು ಅವನಿಗೆ ಗೊತ್ತಾಯಿತು.

"ಈ ಗೋಡೆ ಜೊತೆ ಬಾಳ್ಬಹುದಿತ್ತು," ಅಂದಳು, ಹೆಡ್‌ಸೆಟ್ ಬಿಚ್ಚುತ್ತ. "ಆ ಮರ ತೋರಿಸಿದ್ರಲ್ಲ, ಅದರ ಜೊತೆ ಹೇಗೆ ಬಾಳ್ಲಿ?"

ಅವಳು ಮೈ ಓರೆ ಮಾಡಿಕೊಂಡು ಅಡುಗೆಮನೆಗೆ ತೂರಿದಳು. ಅವತ್ತೆಲ್ಲ ಅವಳು ಅಳಲೂ ಇಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮರುದಿನ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಕಟ್ಟಡಕ್ಕೆ ದಾರಿ ತೋರಿಸಿ ಬನ್ನಿ. ನಾನೇ ಹೋಗಿ ನೋಡ್ತೀನಿ," ಅಂದಳು.

ಕಟ್ಟಡದ ಹತ್ತಿರ ಬಂದಾಗ ಬೀರು ಅಭ್ಯಾಸಬಲದಿಂದ ಮೆಟ್ಟಿಲ ಕಡೆಗೆ ಮುಂದಾದ. "ನೀವು ಕೆಳಗೇ ಇರಿ," ಅಂದಳು. ಹಿಡಿದುಕೊಳ್ಳಲು ಕಂಬಿ ಇಲ್ಲದ ಮೆಟ್ಟಿಲು ಹತ್ತಿ ಒಬ್ಬಳೇ ಹೋದಳು. ಅವನು ಮರಳಿನ ಗುಡ್ಡೆಯ ಪಕ್ಕದಲ್ಲಿ, ಯಾವ ಗೋಡೆಯೂ ಹಿಂದಿಲ್ಲದೆ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತುಕೊಂಡ. ಮನೆ ನೋಡಲು ಬಂದವರ ಮನಸ್ಸಿನಲ್ಲಿ ಏನಿರುತ್ತದೆ ಅಂತ ಅವನಿಗೆ ಮೊದಲ ಸಲ ಗೊತ್ತಾಯಿತು. ಹೆದರಿಕೆ.

ಅವಳು ಬಹಳ ಹೊತ್ತಿನ ಮೇಲೆ ಇಳಿದು ಬಂದಳು. ಸಿಮೆಂಟಿನ ಧೂಳು ಮೊಣಕೈವರೆಗೂ ಮೆತ್ತಿತ್ತು.

"ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇದೆ."

"ಹೌದು."

"ಅಡುಗೆಮನೆಗೆ ಹಗಲೂ ಲೈಟ್ ಹಾಕ್ಬೇಕು."

"ಹೌದು."

ಎರಡು ಸಲ ಹೌದು ಅಂದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಬಾಯಿ ತಾನಾಗಿಯೇ ತೆರೆಯಿತು. "ಆದ್ರೆ ಗಾಳಿ ಮಾತ್ರ..."

ಅವಳು ತಲೆ ಎತ್ತಿ ಅವನನ್ನೇ ನೋಡಿದಳು. "ಗಾಳಿ ಏನು?"

"ಗಾಳಿನೂ ಬರಲ್ಲ ಕಣೇ," ಅಂದ ಬೀರು.

"ನೋಡ್ದೆ," ಅಂದಳು ಅವಳು, ಕೈಯ ಧೂಳು ಕೊಡವಿಕೊಳ್ಳುತ್ತ. "ಎಲ್ಲಿ ಸಹಿ ಹಾಕ್ಬೇಕು, ನಡೀರಿ."