ಹಣೆಗೆ ವಿಭೂತಿಯಿದ್ದ ಮೀನು

ನಿಜಾಮರ ಕಾಲದಲ್ಲಿ ಬೀದರಿನ ನಮ್ಮ ಮನೆಯ ಅಂಗಳದಲ್ಲಿ ಕೆಂಪು ಕಲ್ಲಿನ ಒಂದು ಹೌಜು ಇತ್ತು. ಮೊಣಕಾಲಾಳದ ಸಣ್ಣ ಕೊಳ ಅದು. ಅತ್ತೆಯವರು ಅದರಲ್ಲಿ ಬಿಳಿ ತಾವರೆ ಬೆಳೆಸಿದ್ದರು. ಬೆಳಗ್ಗೆ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಗಂಟು ಹಾಕಿ, ಒಂದು ಹೂ ಕಿತ್ತು ಅಂಗೈಯ ಲಿಂಗಕ್ಕೆ ಏರಿಸಿದ ಮೇಲೆಯೇ ಅವರು ಬಾಯಿಗೆ ನೀರು ಹಾಕುತ್ತಿದ್ದುದು.

ಒಂದು ಮಳೆಗಾಲದ ಕೊನೆಗೆ ನನ್ನ ಮಗಳಿಗೆ ಚಳಿಜ್ವರ ಬಂತು. ದವಾಖಾನೆಯ ಡಾಕ್ಟರರು ಕ್ವಿನೈನ್ ಕೊಟ್ಟು, ಹೌಜಿನಲ್ಲಿ ಇಣುಕಿ, ನೀರಿನ ಮೇಲೆ ಕೂದಲ ತುಣುಕಿನಂತೆ ಮಿಡುಕುತ್ತಿದ್ದ ಸೊಳ್ಳೆಯ ಹುಳಗಳನ್ನು ತೋರಿಸಿದರು. ಭಾಲ್ಕಿಯ ಹೊಲಕ್ಕೆ ಹೊರಟಿದ್ದ ಮಾವನವರು ಅಲ್ಲಿಯೇ ತೀರ್ಮಾನ ಹೇಳಿದರು: "ಉದ್ದಿನ ರಾಶಿ ಮುಗಿಸಿ ಬರ್ತೇನಿ. ಬರೂ ಮುಂದ ಬಂಡಿ ತುಂಬ ಮಣ್ಣು ತರ್ತೇನಿ. ಮುಚ್ಚಿಬಿಡೂಣು. ಕೂಸಿಗಿಂತ ಹೂ ಹೆಚ್ಚಲ್ಲ."

ಅತ್ತೆಯವರು ಮೊಮ್ಮಗಳ ಹಣೆಯ ಮೇಲೆ ಒದ್ದೆ ಬಟ್ಟೆ ಬದಲಿಸುತ್ತ, ಆಗಾಗ ಅಂಗಳದ ಕಡೆ ನೋಡುತ್ತಿದ್ದರು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನೀರಿನ ತೊಟ್ಟಿಗೆ ಮೀನು ಬಿಟ್ಟಿದ್ದು ನೆನಪಾಯಿತು. "ಅತ್ತಿ, ಮೀನ ಬಿಟ್ಟರ ಹುಳ ತಿಂತಾವರಿ" ಎಂದೆ.

"ಮೀನ? ಲಿಂಗವಂತರ ಮನ್ಯಾಗ? ಓಣಿ ಮಂದಿ ಏನಂದಾರು!"

ಮರುದಿನ ಹೂ ಕೀಳುವಾಗ ಅವರೇ ಮೆಲ್ಲಗೆ ಕೇಳಿದರು: "ಯಾವ ಮೀನವಾ?"

ಅದನ್ನು ಹೇಳಬಲ್ಲವರು ನಮ್ಮ ಮನೆಯಲ್ಲಿ ಯಾರಿದ್ದರು? ನನ್ನ ಯಜಮಾನರು ಹೇಳಿಕಳಿಸಿದ ಮೇಲೆ ಮಂಜ್ರಾ ಹೊಳೆಯ ಬಲೆಗಾರನೊಬ್ಬ ಹಿತ್ತಲ ಬಾಗಿಲಿಗೆ ಬಂದು ಕೊಡ ಇಳಿಸಿದ. "ಸಾರಿಗ್ಯೋ, ಹುರಿಲಿಕ್ಕೋ?" ಎಂದು ಕೇಳಿದ.

"ಸಾಕ್ಲಿಕ್ಕಪಾ!" ಎಂದರು ಬಾಗಿಲ ಮರೆಯಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದ ಅತ್ತೆ. ಅವನು ನಕ್ಕ ನಗೆಗೆ ಕೊಡದ ನೀರು ತುಳುಕಿತು.

ಎತ್ತು ಆರಿಸುವಂತೆ ನಾವು ಮೈಕಟ್ಟು ನೋಡಿ ಆರಿಸಿದೆವು. "ಆ ಕರಿದು ಛಲೋ ಅದ ನೋಡು" ಎಂದು ಅತ್ತೆ ಮರೆಯಿಂದಲೇ ಬೆರಳು ತೋರಿದರು. ಹಾವಿನ ತಲೆಯಂಥ ತಲೆಯಿದ್ದ ಆ ದೊಡ್ಡ ಕರಿಯನನ್ನೂ, ಜೊತೆಗೆ ಬೆಳ್ಳಿ ಬಣ್ಣದ ಒಂದಿಷ್ಟು ಮರಿಗಳನ್ನೂ ಹೌಜಿಗೆ ಬಿಟ್ಟೆವು. ದಿನವೂ ಜೋಳದ ರೊಟ್ಟಿ ಮುರಿದು ಹಾಕಿದೆವು. ನಮ್ಮ ಮನೆಗೆ ಬಂದವರು ನಾವು ಉಂಡದ್ದನ್ನೇ ಉಣ್ಣುತ್ತಾರೆಂದು ನಮ್ಮ ನಂಬಿಕೆ. ಬೆಳ್ಳಿ ಮರಿಗಳು ಕಡಿಮೆಯಾಗುತ್ತ ಬಂದಾಗ ಓಣಿಯ ಬೆಕ್ಕನ್ನು ಬೈದೆವು.

ಒಂದು ಬೆಳಗ್ಗೆ ಅತ್ತೆಯವರು ಹೂ ಬಿಟ್ಟು ಓಡಿ ಬಂದರು. "ಅಯ್ಯ ನನ ಶಿವನ! ಕರಿಯಾ ತನ್ನ ಜೋಡಿದಾರನ್ನ ನುಂಗಿದ! ರೊಟ್ಟಿ ಹಂಗೇ ಬಿದ್ದದ!"

ಹುಳಗಳೂ ಹಾಗೆಯೇ ಇದ್ದವು. ಕರಿಯ ತಳದಲ್ಲಿ ಮಲಗಿದ್ದ. ಅವು ಮೇಲೆ ಕುಣಿಯುತ್ತಿದ್ದವು.

ಆ ವಾರ ಔರಾದಿನ ನನ್ನ ತವರಿನಲ್ಲಿ ತೊಟ್ಟಿಲ ಕಾರ್ಯವಿತ್ತು. ಮಗಳಿಗೆ ಜ್ವರ ಇಳಿದಿದ್ದರಿಂದ ಅವಳನ್ನು ಯಜಮಾನರ ಬಳಿ ಬಿಟ್ಟು ನಾವಿಬ್ಬರೇ ಹೊರಟೆವು. ಅತ್ತೆಯವರು ಕರಿಯನನ್ನು ಕೊಡದಲ್ಲಿಟ್ಟುಕೊಂಡು ಬಂಡಿ ಹತ್ತಿದರು. ದಾರಿಯಲ್ಲಿ ಮಂಜ್ರಾ ಬಂದಾಗ ಇಳಿದು ಕೊಡ ಬಗ್ಗಿಸಿದರು. "ಹೋಗಿ ಬಾರಪಾ. ನಿನ್ನ ಊಟ ನಿನಗ, ನಮ್ಮ ಊಟ ನಮಗ."

ಔರಾದಿನಲ್ಲಿ ಕೈಕಾಲು ತೊಳೆಯಲು ಮೆಟ್ಟಿಲ ಬಾವಿಗೆ ಇಳಿದೆವು. ಅಲ್ಲಿ ಬೆರಳುದ್ದವೂ ಇಲ್ಲದ ಮೀನುಗಳು ನೀರಿನ ಮೇಲುಮೇಲೆಯೇ ನಿಂತಿದ್ದವು. ಬಾಯಿ ಮೇಲಕ್ಕೆ ತೆರೆದಿತ್ತು. ಒಂದೊಂದರ ನೆತ್ತಿಯ ಮೇಲೂ ಬಿಳಿಯ ಚುಕ್ಕೆಯೊಂದು ಹೊಳೆಯುತ್ತಿತ್ತು. ಮೆಟ್ಟಿಲ ಮೂಲೆಯಲ್ಲಿ ಹುಳವೊಂದು ಮಿಡುಕಿತು. ಚುಕ್ಕೆ ಸರಕ್ಕನೆ ಸರಿಯಿತು. ಹುಳ ಇರಲಿಲ್ಲ.

ಅತ್ತೆಯವರು ನನ್ನ ತೋಳು ಹಿಡಿದರು. "ನೋಡವಾ! ಹಣಿಗಿ ವಿಭೂತಿ ಹಚ್ಚಿಕೊಂಡದ!"

"ಇದೂ ಜೀವಾನೇ ತಿಂತದಲ್ಲರಿ, ಅತ್ತಿ?"

ಅತ್ತೆಯವರು ಇನ್ನೊಂದು ಮೆಟ್ಟಿಲು ಇಳಿದರು. "ತಿನ್ಲಿ. ನಮ್ಮ ಕೂಸಿನ ರಕ್ತ ಹೀರೂದನ್ನ ತಿಂತದ. ಅದರ ಪಾಪ-ಪುಣ್ಯ ಆ ವಿಭೂತಿ ಹಚ್ಚಿದಾಂವ ನೋಡ್ಕೋತಾನ."

ಹೀಗೆಂದವರೇ ಸೆರಗು ಬಿಚ್ಚಿ ನೀರಿಗೆ ಹರಡಿದರು. ಇನ್ನೊಂದು ತುದಿ ನಾನು ಹಿಡಿದೆ. ಕೊಡ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬಳು ಅಲ್ಲೇ ನಿಂತಳು. "ಏನ್ರಿ ಬೀಗತಿ, ಬೀದರದಾಗ ಬ್ಯಾಳಿ ತುಟ್ಟಿ ಆಗ್ಯಾವೇನ್ರಿ?"

ಓಣಿಯವರಿಗೆ ಹೆದರುತ್ತಿದ್ದ ಅತ್ತೆ ಬಾವಿಯೆಲ್ಲ ಕೇಳುವಂತೆ ನಕ್ಕರು. "ತಿನ್ಲಿಕ್ಕಲ್ಲ ತಾಯಿ, ತಿನ್ನಿಸ್ಲಿಕ್ಕ!"

ಆ ಮೀನುಗಳು ಹೌಜಿಗೆ ಬಂದ ಮೇಲೆ ಬೆಳಗಾದರೆ ನಮ್ಮಿಬ್ಬರದೂ ಒಂದೇ ಕೆಲಸ: ಎಲೆಗಳ ಸಂದಿಯಲ್ಲಿ ಹುಳ ಹುಡುಕುವುದು. ಮೊದಮೊದಲು ಸಿಗುತ್ತಿದ್ದವು. ಆಮೇಲಾಮೇಲೆ ಹುಡುಕಿದರೂ ಸಿಗದಾದವು.

ಮಾವನವರ ಬಂಡಿ ಮಣ್ಣು ಹೇರಿಕೊಂಡು ಬಾಗಿಲಿಗೆ ಬಂದಾಗ ನಾನು ಅಂಗಳಕ್ಕೆ ಓಡಿ ಬಂದೆ. ಮಾವನವರು ಚಾಳೀಸು ಮೂಗಿಗೆ ಏರಿಸಿ ಹೌಜಿನ ಬಳಿ ಮೊಣಕಾಲೂರಿ ಕುಳಿತರು. ಎಲೆಗಳನ್ನು ಒಂದೊಂದಾಗಿ ಕಡ್ಡಿಯಿಂದ ಎತ್ತಿದರು. ಅತ್ತೆಯವರು ಸೆರಗಿನ ತುದಿ ಹಿಂಡುತ್ತ ನಿಂತಿದ್ದರು. ಶಾಲು ಹೊದ್ದು ದಂಡೆಯ ಮೇಲೆ ಕುಳಿತಿದ್ದ ಮಗಳು ಹೇಳಿದಳು: "ಏನೂ ಇಲ್ಲಜ್ಜಾ. ವಿಭೂತಿ ಮೀನ ಎಲ್ಲಾ ತಿಂದಾವ."

ಮಾವ ಬಹಳ ಹೊತ್ತು ನೋಡಿದರು. ಕೊನೆಗೆ ಕಡ್ಡಿ ಎಸೆದು, "ಮತ್ತ ಇಷ್ಟು ಮಣ್ಣು ಎಲ್ಲಿ ಸುರೀಲಿ?" ಎಂದರು.

"ಹೌಜಿನ ಮಗ್ಗಲಿಗಿ ಹಾಕಸ್ರಿ" ಎಂದರು ಅತ್ತೆ. "ಮಲ್ಲಿಗಿ ಹಚ್ತೇನಿ."

ಮರುದಿನ ಅವರು ತಾವರೆಗೆ ಕೈ ಚಾಚಿದಾಗ ಬಿಳಿಯ ಚುಕ್ಕೆಗಳು ಬೆರಳಿನ ಸುತ್ತ ಮುತ್ತಿದವು. "ಸ್ವಲ್ಪ ಸರೀರಿ," ಎಂದರು ಅತ್ತೆ, ಮನೆಗೆ ಬಂದ ಜಂಗಮರಿಗೆ ಹೇಳುವಷ್ಟು ಮರ್ಯಾದೆಯಿಂದ. "ಪೂಜಿಗಿ ಹೊತ್ತಾಯ್ತು."