ರಾಜನ ಶತಪಾವಲಿ

ಹೋದ ವಾರ ಹಿರೇಕೆರೂರಿನಿಂದ ಬರುವಾಗ ಬಸ್ಸಿನಲ್ಲಿ ಪಕ್ಕದವರು ಬುತ್ತಿ ಬಿಚ್ಚಿದರು. ಗುರೆಳ್ಳು ಚಟ್ನಿಯ ಘಮ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣ ಮುಂದೆ ಚದುರಂಗದ ಆಟವೊಂದು ಹರಡಿಕೊಂಡಿತು. ಚಟ್ನಿಗೂ ಚದುರಂಗಕ್ಕೂ ನಂಟು ಬೆಸೆದವರು ನಮ್ಮ ಹಿಂದಿನ ಮನೆಯ ವೈನಿ.

ವೈನಿ ಅಂದರೆ ಅತ್ತಿಗೆ. ಹಾನಗಲ್ಲಿನ ನಮ್ಮ ಓಣಿಗೆಲ್ಲ ಅವರು ವೈನಿಯೇ. ಹಾಸಿಗೆ ಹಿಡಿದ ಮಾವನವರಿಗೆ ಹೊತ್ತು ಹೋಗಲೆಂದು ಅವರಿಂದಲೇ ಚದುರಂಗ ಕಲಿತು, ಕೊನೆಗೆ ಅವರನ್ನೇ ಸೋಲಿಸತೊಡಗಿದರು. "ಸೊಸಿ ಎರಡು ಹೊತ್ತು ಊಟ ಕೊಡ್ತಾಳ, ಆದ್ರ ಒಂದು ಆಟ ಬಿಟ್ಟುಕೊಡವಲ್ಲಳು" ಎಂದು ಆ ಹಿರಿಯರು ಬಂದವರ ಮುಂದೆಲ್ಲ ಹೆಮ್ಮೆಯಿಂದ ದೂರುತ್ತಿದ್ದರು.

ಇಷ್ಟಿದ್ದರೂ ನಮ್ಮ ಊರಿನ ತಂಡದಲ್ಲಿ ವೈನಿಗೆ ಜಾಗ ಸಿಕ್ಕಿದ್ದು ಒಬ್ಬರು ಕಾಮಾಲೆಯಾಗಿ ಮಲಗಿದ ಮೇಲೆ. ಶಿಗ್ಗಾವಿಯ ಶಾಲೆಯೊಂದರಲ್ಲಿ ಸವಣೂರಿನವರ ಎದುರು ಫೈನಲ್. ನಮ್ಮ ಕ್ಯಾಪ್ಟನ್ ಅಡಿಕೆ ವ್ಯಾಪಾರಿ. ಮಾತನ್ನೂ ತೂಗಿಯೇ ಕೊಡುವವರು. "ವೈನಿಯವರ, ಇದೊಂದು ಸಲ ಆಡ್ರಿ. ಸೋತ್ರ ಮುಂದ ನಿಮ್ಮನ್ನ ಕರಿಯೂದು ಕಷ್ಟ ಐತಿ" ಎಂದು ಹೊರಡುವ ಮೊದಲೇ ಹೇಳಿಬಿಟ್ಟರು. ವೈನಿ ಹೂಂ ಅಂದರು, ಅಷ್ಟೆ. ಆದರೆ ಆ ಜಾಗ ಅವರಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಮಾವನವರು ತೀರಿಕೊಂಡ ಮೇಲೆ ಅವರ ಎದುರು ಕೂತು ಆಡಲು ನಾನೊಬ್ಬನೇ ಉಳಿದಿದ್ದೆ. ನನ್ನ ಆಟವೋ, ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮಧ್ಯಾಹ್ನದ ಹೊತ್ತಿಗೆ ಉಳಿದವರ ಆಟಗಳೆಲ್ಲ ಮುಗಿದು ಎರಡೂ ಊರು ಸಮನಾಗಿದ್ದವು. ವೈನಿಯ ಆಟವೊಂದೇ ಬಾಕಿ. ಊಟಕ್ಕೆಂದು ಅದನ್ನು ಇದ್ದಲ್ಲಿಗೇ ನಿಲ್ಲಿಸಿದರು. ಎದುರಾಳಿ ಸವಣೂರಿನ ಡಾಕ್ಟರು. ಅವರ ಬಳಿ ಉಳಿದದ್ದು ರಾಜ ಮತ್ತು ವಜೀರ. ವೈನಿಯ ಬಳಿ ಅವೆರಡರ ಜೊತೆ ಒಂದು ಪ್ಯಾದೆ, ಅಂದರೆ ಕಾಲಾಳು. ಇನ್ನೊಂದೇ ಮನೆ ಮುಂದೆ ಹೋದರೆ ಪ್ಯಾದೆಯೂ ವಜೀರನಾಗುತ್ತಿತ್ತು. ಆದರೆ ಹೋಗಲು ಬಿಡುವೆಲ್ಲಿ... ವೈನಿಯ ರಾಜ ಬಟ್ಟಬಯಲಿನಲ್ಲಿ ನಿಂತಿದ್ದ. ಡಾಕ್ಟರರ ವಜೀರ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಚೆಕ್ ಕೊಡುತ್ತಲೇ ಇದ್ದ.

ಶಾಲೆಯ ಪಡಸಾಲೆಯಲ್ಲಿ ವೈನಿ ಬುತ್ತಿ ಬಿಚ್ಚಿ, ಕಟ್ಟಿದ್ದ ಚೌಕಳಿ ಬಟ್ಟೆಯನ್ನೇ ಹಾಸಿ ಆಟ ಹೂಡಿದರು. ಉಳ್ಳಾಗಡ್ಡಿ ವೈನಿಯ ರಾಜ, ಸವತೆಕಾಯಿ ಚೂರು ವಜೀರ, ಶೇಂಗಾ ಪ್ಯಾದೆ. ಡಾಕ್ಟರರ ವಜೀರ ಹಸಿಮೆಣಸಿನಕಾಯಿ. ಅವರ ರಾಜ, ಎಣ್ಣೆ ಹಾಕಿ ಕಲಸಿದ ಗುರೆಳ್ಳು ಚಟ್ನಿಯ ಮುದ್ದೆ.

ಕ್ಯಾಪ್ಟನ್ ಉಳ್ಳಾಗಡ್ಡಿಯನ್ನು ಮೂಲೆಗೆ ಸರಿಸಿದರು. "ರಾಜನ್ನ ಮುಚ್ಚಿಡ್ರಿ. ಡ್ರಾ ಆದ್ರ ಮರ್ಯಾದಿ ಉಳೀತೈತಿ."

"ಮುಚ್ಚಿಟ್ರೂ ಚೆಕ್ ತಪ್ಪೂದಿಲ್ರೀ" ಎಂದು ವೈನಿ ಉಳ್ಳಾಗಡ್ಡಿಯನ್ನು ಮತ್ತೆ ಬಯಲಿಗೆ ತಂದರು. ತಂದವರು ಚಟ್ನಿಯ ಮುದ್ದೆಯ ಕಡೆಗೇ ನಡೆಸಿದರು. ತಲೆಮರೆಸಿಕೊಳ್ಳಬೇಕಾದ ರಾಜ ವೈರಿಯ ಬಾಗಿಲಿಗೇ ಹೋಗುವುದುಂಟೇ?

"ಇಲ್ಲೆ ನೋಡು" ಎಂದು ನನಗೆ ತೋರಿಸಿದರು. "ಅವರ ರಾಜನ ಹತ್ರ ಹೋಗಿ ನಿಂತ್ರ, ಅವರ ಚೆಕ್ಕಿಗೆ ನಾ ವಜೀರನ್ನ ಅಡ್ಡ ಇಡ್ತೇನಿ. ಅದೇ ವಜೀರ ಅವರ ರಾಜಗ ಚೆಕ್ ಕೊಡ್ತಾನ. ಅವರು ಹೊಡದ್ರ ನಾನೂ ಹೊಡೀತೇನಿ. ಆಮ್ಯಾಲ ಈ ಶೇಂಗಾನ ತಡಿಯವರು ಯಾರು?"

"ಒಂದು ಮನಿ ತಪ್ಪಿದ್ರ?" ಕ್ಯಾಪ್ಟನ್ ಕೇಳಿದರು.

"ಮುಂದಿನ ಸಲ ಕರೀಬ್ಯಾಡ್ರಿ" ಎಂದು ವೈನಿ ಡಾಕ್ಟರರ ವಜೀರನನ್ನು ರೊಟ್ಟಿಯ ಜೊತೆ ಕಚ್ಚಿ ತಿಂದರು.

ಊಟವಾಗಿ ಆಟ ಮತ್ತೆ ಶುರುವಾಯಿತು. ಡಾಕ್ಟರು ಚೆಕ್ ಕೊಟ್ಟರು. ವೈನಿಯ ರಾಜ ಒಂದು ಮನೆ ಮುಂದೆ ಬಂದ. ಮತ್ತೆ ಚೆಕ್, ಮತ್ತೊಂದು ಮನೆ ಮುಂದೆ. ಕ್ಯಾಪ್ಟನ್ ನೋಡಲಾರದೆ ಚಹಾ ಕುಡಿಯಲು ಎದ್ದು ಹೋದರು.

ಡಾಕ್ಟರು ನಗುತ್ತ ಕೈ ಚಾಚಿದರು. "ಡ್ರಾ ಮಾಡೂಣೇನ್ರಿ? ರಾಜನ್ನ ಬಿಸಲಾಗ ಎಷ್ಟಂತ ಅಡ್ಡಾಡಸ್ತೀರಿ?"

"ಈಗಷ್ಟ ಊಟ ಆಗೇದಲ್ರೀ. ಶತಪಾವಲಿ ಮಾಡ್ಲಿ ಬಿಡ್ರಿ."

ಉಂಡ ಮೇಲೆ ನೂರು ಹೆಜ್ಜೆ ಅಡ್ಡಾಡುವ ಶತಪಾವಲಿ ವೈನಿಯ ಮನೆಯಲ್ಲಿ ತಪ್ಪದ ಪದ್ಧತಿ. ಡಾಕ್ಟರು ಇನ್ನೂ ಜೋರಾಗಿ ನಕ್ಕು ಮುಂದಿನ ಚೆಕ್ ಕೊಟ್ಟರು. ವೈನಿ ವಜೀರನನ್ನು ಅಡ್ಡ ಇಟ್ಟು, "ಚೆಕ್ ರೀ" ಅಂದರು... ಡಾಕ್ಟರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ತಮ್ಮ ರಾಜನನ್ನು ಮಲಗಿಸಿ, ಎದ್ದು ನಿಂತು ಕೈ ಮುಗಿದರು.

ನಾನು ಬರಿಗಾಲಲ್ಲೇ ಚಹಾದಂಗಡಿಗೆ ಓಡಿದೆ. ಸುದ್ದಿ ಕೇಳಿದ ಕ್ಯಾಪ್ಟನ್ ಚಹಾವನ್ನೆಲ್ಲ ಅಂಗಿಯ ಮೇಲೆ ಚೆಲ್ಲಿಕೊಂಡು, ಅದೇ ಅಂಗಿಯಲ್ಲಿ ಬಂದು ನಿಂತರು. "ವೈನಿಯವರ, ಮುಂದಿನ ಸಲ ಮೊದಲನೇ ಬೋರ್ಡಿಗೆ ನೀವ ಕುಂದರ್ರಿ" ಅಂದರು. ಗೆದ್ದ ಢಾಲನ್ನು ವೈನಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತರು. ಹಾನಗಲ್ ಬರುವ ತನಕ ಯಾರ ಕೈಗೂ ಕೊಡಲಿಲ್ಲ. ಅವತ್ತಿನಷ್ಟು ಖುಷಿ ನಾನು ಗೆದ್ದಾಗಲೂ ನನಗೆ ಆಗಿಲ್ಲ.

ಮೊದಲನೇ ಬೋರ್ಡು ಕೊನೆಯ ತನಕ ಅವರದೇ ಆಗಿತ್ತು. ಹೋದ ವರ್ಷ ವೈನಿ ತೀರಿಕೊಂಡರು... ಈಗ ಅಲ್ಲಿ ಕೂರುವವನು ನಾನು. ಹೋದ ವಾರ ಹಿರೇಕೆರೂರಿಗೆ ಹೋದದ್ದೂ ಪಂದ್ಯಕ್ಕೆಂದೇ. ನನ್ನ ರಾಜನೂ ಬಯಲಿಗೆ ಬಿದ್ದಿದ್ದ. ಅವನನ್ನು ಮೂಲೆಯಲ್ಲಿ ಮುಚ್ಚಿಟ್ಟು ಡ್ರಾ ಮಾಡಿಕೊಂಡೆ. ನಮ್ಮವರೆಲ್ಲ ಬಂದು ಬೆನ್ನು ತಟ್ಟಿದರು. "ಅಂಜಿದೇನೋ?" ಎಂದು ಕೇಳುವವರು ಒಬ್ಬರೂ ಇರಲಿಲ್ಲ.